ಘಾಟಿಯಲ್ಲಿ ಅತ್ತೆ ಮಾಡಿದ ಪ್ರಮಾಣ

ಆ ಶುಕ್ರವಾರ ಎಂದಿನ ಹಾಗೆಯೇ ಇತ್ತು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಾನು ಮಗ್ಗಕ್ಕೆ ಕೂತು ಸೀರೆ ನೇಯುತ್ತಿದ್ದೆ. ಅತ್ತೆ ಅವರೆಕಾಯಿ ಬಿಡಿಸುತ್ತಾ, "ಸಾಕು ಏಳೇ, ಸೊಂಟ ಬಿದ್ದೋಗ್ತದೆ" ಎಂದು ಬೈಯುತ್ತಿದ್ದರು. ಯಜಮಾನರು ನೂಲು ತರಲು ಬೆಂಗಳೂರಿಗೆ ಹೋಗಿದ್ದರು. ಮಾರನೆಯ ದಿನ ಅವರು ಬಂದಾಗ ಹಿಂದೆ ಹೊಸ ತಾಳಿಯ ಹುಡುಗಿಯೊಬ್ಬಳು ನಿಂತಿದ್ದಳು. ನಮಗೆ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ.

ವಾರದೊಳಗೆ ನಾನು ರಾಜಘಟ್ಟದ ಅಣ್ಣನ ಮನೆ ಸೇರಿದೆ. ಮಗ್ಗ ಅಲ್ಲೇ ಉಳಿಯಿತು. ಅದು ಮದುವೆಯಲ್ಲಿ ನಮ್ಮಪ್ಪ ನನಗೆಂದೇ ಮಾಡಿಸಿ ಕೊಟ್ಟದ್ದು. ಅದೊಂದಿದ್ದರೆ ಯಾರ ಮುಂದೂ ಕೈಚಾಚದೆ ಬದುಕಬಹುದಿತ್ತು. ಯಜಮಾನರು ಮಾತ್ರ, "ಮಗ್ಗ ನಾನು ಕೊಂಡಿದ್ದು" ಎಂದುಬಿಟ್ಟರು. ಅಣ್ಣ ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹಾಕಿಸಿದ. ಒಂದೂವರೆ ವರ್ಷ ಅಲೆದೆವು. ಅಪ್ಪ ತೀರಿಕೊಂಡಿದ್ದರು, ಮಗ್ಗ ಮಾಡಿದ ಬಡಗಿಯೂ ಇರಲಿಲ್ಲ. ಕಾಗದಪತ್ರವಂತೂ ಮೊದಲೇ ಇಲ್ಲ.

ದಾರಿ ಕಾಣದೆ ಘಾಟಿ ಸುಬ್ರಹ್ಮಣ್ಯಸ್ವಾಮಿಯನ್ನು ನೆನೆದು ಕಣ್ಣೀರಿಟ್ಟೆ. ಮಗುವಿಗಾಗಿ ಎಷ್ಟೋ ಷಷ್ಠಿ ಉಪವಾಸ ಮಾಡಿದ್ದವಳು, ಈ ಸಲ ಮಗ್ಗ ಕೇಳಿದೆ. ಕೈಮುಗಿದು ಎದ್ದಾಗ ಒಂದು ಯೋಚನೆ ಬಂತು. ವಕೀಲರ ಬಳಿ ಹೋಗಿ, "ನಮ್ಮತ್ತೆ ಘಾಟೀಲಿ ನಿಂತು ಪ್ರಮಾಣ ಮಾಡ್ಲಿ ಸ್ವಾಮಿ. ಅವರು ಏನಂದ್ರೂ ಒಪ್ತೀನಿ" ಎಂದೆ.

"ತಲೆ ನೆಟ್ಟಗಿದೆಯೇನಮ್ಮಾ? ಹಂಗೆ ಒಪ್ಕೊಳ್ಳೋಕೆ ಕಾನೂನಲ್ಲಿ ಅವಕಾಶ ಇದೆ, ನಿಜ. ಆದ್ರೆ ಆಯಮ್ಮ ಮಗನ ಪರ ಒಂದು ಮಾತಾಡಿದ್ರೆ ನಿನ್ನ ದಾವೆ ಅಲ್ಲಿಗೇ ಮುಗೀತು."

ಯಜಮಾನರು ನಗುತ್ತಲೇ ಒಪ್ಪಿದರು.

ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಘಾಟಿಗೆ ಇದ್ದದ್ದು ಇದ್ದಿಲಿನ ಬಸ್ಸೊಂದೇ. ನಾವೂ ಅವರೂ ಪ್ರಮಾಣ ಬರೆದುಕೊಳ್ಳಲು ಕೋರ್ಟು ಕಳಿಸಿದ ಅಮೀನರೂ ಅದರಲ್ಲೇ ಹೊರಟೆವು. ಏರಿನಲ್ಲಿ ಅದು ನಿಂತಾಗ ಗಂಡಸರು ತಳ್ಳಿದರು, ಹೆಂಗಸರು ನಡೆದೆವು. ಅತ್ತೆ ಪಕ್ಕಕ್ಕೆ ಬಂದರು.

"ಏನಾದ್ರೂ ತಿಂದ್ಯೇನೇ?"

"ಉಪವಾಸ ಅತ್ತೆ."

"ನಾನೂನೂವೆ. ಇಬ್ರೂ ಉಪವಾಸ ಇದ್ರೆ ಆ ದೇವ್ರು ಯಾರ ಮಾತು ಕೇಳ್ತಾನೋ!"

"ಅವಳ ಜೊತೆ ಏನವ್ವಾ ಮಾತು?" ಎಂದು ಯಜಮಾನರು ಬಸ್ಸು ತಳ್ಳುತ್ತಲೇ ಕೂಗಿದರು.

ಅತ್ತೆ ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ದೇವರ ಮುಂದೆ ನಿಂತರು. ಅರ್ಚಕರು ಕರ್ಪೂರ ಹಚ್ಚಿದರು. ಅತ್ತೆ ಆ ಉರಿಯನ್ನೇ ನೋಡುತ್ತಾ ನಿಂತರು. "ಹೇಳವ್ವಾ" ಎಂದರು ಯಜಮಾನರು. ನಾನು ಸೋತೆನೆಂದು ಕಣ್ಣುಮುಚ್ಚಿದೆ.

"ಮಗ್ಗ ಇವಳಪ್ಪಂದು. ಗಾಡಿಯಿಂದ ಇಳಿಸ್ಕೊಂಡು ಅರಿಶಿನ ಕುಂಕುಮ ಇಟ್ಟೋಳು ನಾನೇ. ಚಿಕ್ಕ ಸೊಸೆ ಬಸುರಿ. ಇಲ್ಲಿ ಸುಳ್ಳಾಡಿ ಆ ಕೂಸಿಗೆ ನಾಗದೋಷ ತರಲಾರೆ ಕಣಪ್ಪಾ."

ಅಮೀನರು ಅಲ್ಲೇ ಬರೆದುಕೊಂಡರು. ಯಜಮಾನರು, "ಹಂಗಾದ್ರೆ ಅವಳ ಹತ್ರಾನೇ ಇರು ಹೋಗು" ಎಂದರು.

"ಇರ್ತೀನಿ ಬಿಡು. ನಿನ್ನಂಗೆ ಲೆಕ್ಕ ಹೇಳದೆ ಅನ್ನ ಹಾಕ್ತಾಳೆ."

ನನಗೆ ಕೊಡದ ಮಗುವಿನ ನೆಪದಲ್ಲೇ ಸ್ವಾಮಿ ನನ್ನ ಅನ್ನವನ್ನು ನನಗೆ ಹಿಂತಿರುಗಿಸಿದ. ತೀರ್ಪು ನನ್ನ ಪರವಾಯಿತು. ಪೇಟೆಯಲ್ಲಿ ಸಣ್ಣ ಮನೆ ಹಿಡಿದು ಮಗ್ಗ ಹೂಡಿದೆ. ಅತ್ತೆ ಮೂರು ವರ್ಷ ನನ್ನ ಜೊತೆ ಬಾಳಿದರು. ಆ ಮಗು ಚೆನ್ನಾಗಿದೆ, ಒಮ್ಮೊಮ್ಮೆ ತಾಯಿಯ ಜೊತೆ ಅಜ್ಜಿಯನ್ನು ನೋಡಲು ಬರುತ್ತಿತ್ತು. ಕಳೆದ ಮಾಘದಲ್ಲಿ ಅತ್ತೆ ನನ್ನ ಕೈಯಿಂದಲೇ ತೀರ್ಥ ಕುಡಿದು ಕಣ್ಣುಮುಚ್ಚಿದರು.

ಭಕ್ತರೇ, ಕೇಳಿದ್ದನ್ನೆಲ್ಲ ಸ್ವಾಮಿ ಕೊಡುತ್ತಾನೆಂದು ನಾನು ಹೇಳಲಾರೆ. ಕೈಬಿಡುವುದಿಲ್ಲ ಎಂಬುದನ್ನು ಕಂಡಿದ್ದೇನೆ. ಮಗ್ಗ ನಡೆಯುತ್ತಿದೆ, ಹೊಟ್ಟೆಬಟ್ಟೆಗೆ ಕೊರತೆಯಿಲ್ಲ. ಅತ್ತೆ ಇಲ್ಲ.