ಅಭಿವೃದ್ಧಿ ನಾಯಕ ವೆಂಡೆಲ್ ನಾನಾ
ಪೂರ್ವಜರನ್ನು ಗುಲಾಮರಾಗಿ ಹಡಗಿಗೆ ತುಂಬಿ ಒಯ್ದಿದ್ದ ಘಾನಾ ನೆಲಕ್ಕೆ ಮರಳಿ, ಅಸುವೊಸೊ ಊರಿನ ಗೌರವ 'ಅಭಿವೃದ್ಧಿ ನಾಯಕ'ರಾಗಿ 'ನಾನಾ' ಎಂಬ ಬಿರುದು ಪಡೆದ ದಿನದಿಂದ, ಅಮೆರಿಕದ ನಿವೃತ್ತ ಬಸ್ ಚಾಲಕ ವೆಂಡೆಲ್ ಅವರ ಬರಿಗಾಲನ್ನು ನೆಲ ಕಂಡಿಲ್ಲ; ನಾಯಕರ ಬರಿಗಾಲು ನೆಲ ಸೋಕಬಾರದೆಂಬ ಕಟ್ಟಳೆಯಂತೆ ಸ್ನಾನಕ್ಕೂ ಪಟ್ಟದ ಚಪ್ಪಲಿಯೇ. ನಾಯಕರಾದವರು ಜನರೊಡನೆ ನೇರವಾಗಿ ಮಾತಾಡಬಾರದೆಂಬ ನಿಯಮಕ್ಕೆ ಶರಣಾಗಿ, ಟೊಮೇಟೊ ಬೆಲೆಯನ್ನೂ ಅವರು ವಾಗ್ದೂತ ಅಸಿಯೆದುವಿನ ಮೂಲಕವೇ ಕೇಳುತ್ತಾರೆ. ಇಷ್ಟಾದರೂ ವರ್ಷಗಳಿಂದ ಸಂತೆಯವರೆಲ್ಲ "ಬನ್ನಿ ನಾನಾ, ನಮ್ಮೂರಿಗೆ ಸ್ವಾಗತ!" ಎಂದು ಅತಿಥಿಯನ್ನು ಕರೆದಂತೆ ಕರೆಯುವಾಗ, ಭಾರೀ ಕೆಂಟೆ ವಸ್ತ್ರದೊಳಗೆ ಮುದುಡಿಹೋಗುತ್ತಾರೆ. ಮೊನ್ನೆ ಮೀನು ಮಾರುವ ಪೊಕುವಾ ಅಜ್ಜಿ ಮಾತ್ರ, "ಎಲ್ಲಿ ಹಾಳಾಗಿ ಹೋಗಿದ್ರಿ ನಾನಾ? ಚರಂಡಿ ಕಟ್ಕೊಂಡು ನಾರ್ತಿದೆ, ನಿಮ್ಮನ್ನ ನಾಯಕ ಅಂತ ಯಾಕೆ ಇಟ್ಕೊಂಡಿದೀವಿ?" ಎಂದು ಸಂತೆಗೆಲ್ಲ ಕೇಳುವಂತೆ ಬೈದುಬಿಟ್ಟಳು. ವೆಂಡೆಲ್ ಕಣ್ಣೊರೆಸಿಕೊಂಡು ಅಸಿಯೆದುವಿನ ಕಿವಿಯಲ್ಲಿ ಪಿಸುಗುಟ್ಟಿದರು: "ಇನ್ನೊಂದ್ಸಲ ಬೈಯೋಕೆ ಹೇಳಪ್ಪ."