ಒಂದರಿಗೆ ಸಿಕ್ಕ ಮರಿಚಿಪ್ಪುಗಳು

ಆ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಯಜಮಾನರಿಗೆ ಡಬ್ಬಿ ಕಟ್ಟಿ ಕಳಿಸಿ, ಮಿಲ್ಲಿನಿಂದ ತಂದ ರಾಗಿಹಿಟ್ಟನ್ನು ಒಂದರಿಯಲ್ಲಿ, ಅದೇ ಸಣ್ಣ ಕಣ್ಣಿನ ಜರಡಿಯಲ್ಲಿ, ಆಡಿಸಲು ಕೂತಿದ್ದೆ. ಕಡಲಲ್ಲಿ ಎದ್ದ ಚಂಡಮಾರುತ ಶಿರಾದ ನಮ್ಮ ಬೀದಿಗೆ ಕಳಿಸಿದ್ದು ಮೂರು ದಿನದ ಜಿಟಿಜಿಟಿ ಮಳೆಯನ್ನಷ್ಟೇ. ಹಿಟ್ಟು ತಂಡಿ ಹಿಡಿದು ಸಣ್ಣಗೆ ಉಂಡೆಗಟ್ಟಿತ್ತು.

ಅಷ್ಟರಲ್ಲಿ ಮಗಳ ವಿಡಿಯೋ ಕಾಲ್. ಮಂಗಳೂರಿನ ಕಡೆ ಎಂ.ಎಸ್ಸಿ. ಓದುತ್ತಿದ್ದಾಳೆ. ಕಡಲತೀರದ ಮರಳಲ್ಲಿ ಹುದುಗಿ ಬದುಕುವ ಚಿಪ್ಪುಜೀವಿಗಳನ್ನು ತಿಂಗಳಿಗೊಮ್ಮೆ ಅಗೆದು, ಎಷ್ಟು ಬೆಳೆದಿವೆ ಎಂದು ಅಳೆದು, ವಾಪಸು ಬಿಡುವುದು ಅವಳ ಪ್ರಾಜೆಕ್ಟು.

"ಎಲ್ಲಾ ಹೋಯ್ತಮ್ಮ," ಎಂದಳು. ಕಣ್ಣು ಊದಿತ್ತು. "ಅಲೆ ದಡದ ಮರಳನ್ನೇ ಕೊಚ್ಕೊಂಡು ಹೋಗಿದೆ. ಚಿಪ್ಪೆಲ್ಲ ಮೇಲಕ್ಕೆ ಬಿದ್ದು, ಬಾಯಿ ಬಿಟ್ಕೊಂಡು ಸತ್ತಿವೆ. ನಿನ್ನೆಯೆಲ್ಲ ಜರಡಿ ಹಿಡಿದೆ, ಜೀವ ಇರೋದು ಒಂದೂ ಇಲ್ಲ. ಇವತ್ತೂ ಸಿಗದಿದ್ರೆ ಬೇರೆ ವಿಷಯ ತಗೊಂಡು ಮೊದಲಿಂದ ಶುರು ಮಾಡು ಅಂದಿದಾರೆ ನಮ್ ಗೈಡ್ ಮೇಡಂ."

ನನ್ನ ಕೈ ತನ್ನ ಪಾಡಿಗೆ ಹಿಟ್ಟು ಆಡಿಸುತ್ತಿತ್ತು. ಅವಳು ಅಳು ನಿಲ್ಲಿಸಿ, "ಆ ಒಂದರಿ ಹತ್ರಕ್ಕೆ ಹಿಡಿ," ಎಂದಳು. ಹಿಡಿದೆ. "ನನ್ ಜರಡಿ ಕಣ್ಣು ದೊಡ್ದು ಕಣಮ್ಮ, ಮರಿಗಳಿದ್ರೆ ಸೋರಿಹೋಗಿರ್ತವೆ!" ಎಂದವಳೇ ಫೋನಿಟ್ಟಳು.

ಆಮೇಲೆ ಕೆಲಸದಲ್ಲಿ ಮನಸ್ಸಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಮೂರು ಗಂಟೆಗೆ ಫೋಟೋ ಬಂತು. ಹಾಸ್ಟೆಲಿನ ಅಡುಗೆಯಮ್ಮನ ಹತ್ತಿರ ಹಿಟ್ಟಿನ ಒಂದರಿ ಕೇಳಿ ತಗೊಂಡು, ಇಳಿತದ ಹೊತ್ತಿಗೆ ಹೋಗಿ, ನಾವು ರಾಗಿ ಜಾಲಿಸುವ ಹಾಗೆ ಮರಳನ್ನು ಉಪ್ಪುನೀರಲ್ಲಿ ಜಾಲಿಸಿದ್ದಳಂತೆ. ಒಂದರಿಯ ತಂತಿಬಲೆಯ ಮೇಲೆ ಅಕ್ಕಿನುಚ್ಚಿನಷ್ಟು ಸಣ್ಣ ಮರಿಚಿಪ್ಪುಗಳು. ಒಂದು, ದಾರದಂಥ ಬಿಳಿ ಕಾಲನ್ನು ಹೊರಗೆ ಚಾಚಿತ್ತು. ದೊಡ್ಡವನ್ನೆಲ್ಲ ಎತ್ತಿ ಬಿಸಾಡಿದ ಕಡಲು ಇವನ್ನು ಹೇಗೆ ಉಳಿಸಿತೋ! ಇನ್ನು ಇವುಗಳನ್ನೇ ಅಳೆಯಲು ಮೇಡಂ ಒಪ್ಪಿದ್ದಾರೆ.

ಹಿಟ್ಟಿನ ಒಂದರಿಯನ್ನು ಮರಳಿಗೆ ಕೊಡಲು ಯಾವ ಹೆಂಗಸಿಗೆ ಮನಸ್ಸು ಬಂದೀತು? ಆ ಅಡುಗೆಯಮ್ಮನ ಮುಖ ನಾನು ಕಂಡವಳಲ್ಲ. ಚಿಕ್ಕಂದಿನಲ್ಲಿ ಓದಿದ ಕಾನ್ವೆಂಟಿನಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುತ್ತಿದ್ದಂತೆ ಕಣ್ಣು ಮುಚ್ಚಿ ಅವರನ್ನು ನೆನೆದೆ.

ಸಂಜೆ ಪಕ್ಕದ ಮನೆಯ ಆಪಾ ಕೊತ್ತಂಬರಿ ಸೊಪ್ಪಿಗೆಂದು ಬಂದಾಗ, ಫೋಟೋ ತೋರಿಸಿ ಎಲ್ಲ ಹೇಳಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ನಿನ್ ಮಗಳು ಗಟ್ಟಿಗಿತ್ತಿ ಕಣಮ್ಮ," ಎಂದು ಸೊಪ್ಪು ತಗೊಂಡು ಹೊರಟವರು ಬಾಗಿಲಲ್ಲಿ ತಿರುಗಿ, "ಇವತ್ತು ಹಾಸ್ಟೆಲ್ ಮಕ್ಕಳಿಗೆಲ್ಲ ಚಪಾತಿ ಮಾತ್ರ ಹಲ್ಲಲ್ಲಿ ಮರಳು ಸಿಕ್ಕಿ ಕರಕರ ಅಂತವೆ ಬುಡು!" ಎಂದರು.