ಫೋರ್ಕಿಗೆ ಬಳಿದ ಗಂಧ

ಹ್ಯಾಂಡಲ್ ಮೇಲೆ ಮೈಭಾರವೆಲ್ಲ ಹಾಕಿ ಒತ್ತಿದರೂ ಸೈಕಲ್ಲಿನ ಮುಂಭಾಗ ಒಂಚೂರೂ ಕುಗ್ಗಲಿಲ್ಲ. ಮಾಮನ ಮುಖ ಸಪ್ಪಗಾಯಿತು.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ತಮಿಳುನಾಡಿನ ತೇವಾರಂನಲ್ಲಿ; ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದವರು ನಾವು. ನಾನು ದಿನಾ ಟೌನ್ ಬಸ್ಸಿನಲ್ಲಿ ಉತ್ತಮಪಾಳಯಂ ಕಾಲೇಜಿಗೆ ಹೋಗಿಬರುತ್ತಿದ್ದ ಹುಡುಗಿ. ಅಮ್ಮನ ತಮ್ಮ, ನಮ್ಮ ಮಾಮ, ಕೊಡೈಕಾನಲ್‌ನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ.

ಆ ಸೈಕಲ್ ನಮ್ಮದಲ್ಲ. ವರ್ಷಾವರ್ಷ ಆ ಹೋಟೆಲಿಗೆ ಬರುತ್ತಿದ್ದ ವಿದೇಶಿ ಹೆಂಗಸೊಬ್ಬರದು. ಗುಡ್ಡಗಾಡಿಗೆಂದೇ ಮಾಡಿದ ಮೌಂಟನ್ ಬೈಕ್. ತಮ್ಮ ದೇಶಕ್ಕೆ ಹೋಗುವಾಗ, ಮತ್ತೆ ಬರುವವರೆಗೆ ನೋಡಿಕೋ ಎಂದು ಮಾಮನ ಕೈಗೆ ಒಪ್ಪಿಸಿದ್ದರು. ಅಷ್ಟು ಜನರಲ್ಲಿ ತನ್ನನ್ನೇ ನಂಬಿದರಲ್ಲ ಎಂಬ ಜಂಬದಲ್ಲಿ ಮಾಮ ಅದನ್ನು ಬಸ್ಸಿನ ಟಾಪ್ ಮೇಲೆ ಹಾಕಿಸಿಕೊಂಡು ಮನೆಗೆ ತಂದಿದ್ದ.

ಅದರ ಮುಂದಿನ ಗಾಲಿಯನ್ನು ಹಿಡಿದ ಇಕ್ಕವಲು, ಅಂದರೆ ಫೋರ್ಕ್, ನೋಡಿ ನನಗೆ ಹುಚ್ಚೇ ಹಿಡಿದಿತ್ತು. ಮಿರಿಮಿರಿ ಮಿಂಚುವ ಎರಡು ಕೊಳವೆ... ಒತ್ತಿದರೆ ಕೆಳಗಿನ ದಪ್ಪ ಕಾಲುಗಳೊಳಗೆ ಇಳಿಯುತ್ತವೆ, ಬಿಟ್ಟರೆ ತಾವಾಗಿಯೇ ಮೇಲೆ ಬರುತ್ತವೆ. ಸಸ್ಪೆನ್ಷನ್ ಅಂತೆ! ನಮ್ಮ ಟೌನ್ ಬಸ್ಸಿಗೇ ಇಲ್ಲದ ಭಾಗ್ಯ ಒಂದು ಸೈಕಲ್ಲಿಗೆ.

ಆಮೇಲೆ ಆಯುಧಪೂಜೆ ಬಂತು.

ಪೂಜೆಯ ದಿನ ನಮ್ಮಜ್ಜಿ ಯಾವ ಸಾಮಾನನ್ನೂ ಬಿಡುವವಳಲ್ಲ. ಪಂಪ್‌ಸೆಟ್ಟು, ಕುಡುಗೋಲು, ಗ್ರೈಂಡರ್, ಎಲ್ಲಕ್ಕೂ ವಿಭೂತಿ, ಗಂಧ, ಕುಂಕುಮ. ಸೈಕಲ್ಲಿನಲ್ಲಿ ಅವಳ ಕಣ್ಣಿಗೆ ಚೆಂದ ಕಂಡದ್ದು ಆ ಎರಡು ಕೊಳವೆ. ಧಾರಾಳವಾಗಿ ಬಳಿದಳು. ನಾವೆಲ್ಲ ಭಕ್ತಿಯಿಂದ ಕೈಮುಗಿದೆವು. ಮಾಮ ಗಾಲಿ ಕೆಳಗೆ ನಿಂಬೆಹಣ್ಣಿಟ್ಟು, ಅದರ ಮೇಲೆ ಹತ್ತಿಸಿ, ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದ.

ಕೊಳವೆ ಇಳಿದಾಗಲೆಲ್ಲ ಆ ಗಂಧವೂ ಬೂದಿಯೂ ಒಳಗೆ ಸೇರುತ್ತಿವೆ ಎಂದು ಯಾರಿಗೆ ಗೊತ್ತು?

ಕೆಲವು ವಾರ ಬಿಟ್ಟು ರಜೆಗೆ ಬಂದ ಮಾಮ ಒತ್ತಿ ನೋಡಿದರೆ, ಎಲ್ಲ ಒಣಗಿ ಬಿಗಿದು ಕೂತಿದೆ. ಸೈಕಲ್ಲಿನವರು ಇನ್ನೇನು ಬಂದುಬಿಡುತ್ತಾರೆ.

“ನಂಬಿ ಬುಟ್ಟು ಹೋದ್ರು ಪಾಪಾ. ಯಾವ್ ಮೊಗ ಇಟ್ಕಂಡು ಕೊಡ್ಲಿ?” ಅಂದ ಮಾಮ. ನನ್ನನ್ನು ಅವನು ಕರೆಯುತ್ತಿದ್ದದ್ದೇ ಪಾಪಾ ಎಂದು.

“ಸಾಮಿಗಿಕ್ಕಿದ್ ಸಂದನ ವಂಡೀನ ಕೆಡಿಸ್ತದಾ?” ಎಂದು ಅಜ್ಜಿ ವಾದಕ್ಕೇನೋ ನಿಂತಳು. ಅವಳ ಬಾಯಲ್ಲಿ ಗಂಧ ಸಂದನ, ಗಾಡಿ ವಂಡಿ. ಕಣ್ಣಲ್ಲಿ ಮಾತ್ರ ನೀರು.

ಬಿಚ್ಚಿಯೇ ಬಿಡೋಣ ಅಂದೆ ನಾನು. ಮಾಮ ಲೇತ್ ಅಂಗಡಿಯಿಂದ, ಒಳಗಿನ ತಿರುಪು ಬಿಚ್ಚುವ ಉದ್ದನೆಯ ಅಲೆನ್ ಕೀ ತಂದ. ಅಂಗಳದಲ್ಲಿ ಬಿಳಿ ಪಂಚೆ ಹಾಸಿ, ಕಳಚಿದ ಒಂದೊಂದನ್ನೂ ಕಳಚಿದ ಸಾಲಿನಲ್ಲೇ ಇಡುತ್ತಾ ಹೋದೆವು.

ಮೇಲಿನ ತಿರುಪು ತೆಗೆದು ನಾನು ಮೆಲ್ಲಗೆ ಎಳೆದೆ. ಒಳಗೆ ಸ್ಪ್ರಿಂಗ್ ಇರುತ್ತದೆ ಅಂದುಕೊಂಡಿದ್ದೆ... ಬಂದದ್ದು ತೆಳ್ಳನೆಯ ಸರಳಿಗೆ ಪೋಣಿಸಿದ ರಬ್ಬರ್ ತುಂಡುಗಳು! ಹಳದಿಯವು ಮೆತ್ತಗೆ, ಕೆಂಪಿನವು ಗಟ್ಟಿ. ಮೆತ್ತನೆಯವು ಮೊದಲು ಬಗ್ಗಬೇಕು, ಸಾಲದಿದ್ದರೆ ಗಟ್ಟಿಯವು ಹೊರಬೇಕು. ಒಬ್ಬ ಮನುಷ್ಯನ ಭಾರವನ್ನೂ ಗುಡ್ಡದ ಕಲ್ಲನ್ನೂ ಈ ಪುಟ್ಟ ತುಂಡುಗಳು ತಡೆಯುತ್ತವಾ? ಸರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ.

ಅಜ್ಜಿ ಒಂದನ್ನು ಹಿಸುಕಿ ನೋಡಿದಳು. ನಮ್ಮ ಹಟ್ಟಿಯಲ್ಲಿ ಎಷ್ಟೋ ಕರುಗಳನ್ನು ಕೈಯಾರೆ ಎತ್ತಿಕೊಂಡವಳು.

“ಈಗ್ ತಾನೆ ಹುಟ್ಟಿದ್ ಕರೂನ್ ಗೊರಸು ಇಂಗೇ ಇರ್ತದೆ. ತಾಯಿ ಹೊಟ್ಟೆಗ್ ನೋವಾಗ್ಬಾರ್ದು ಅಂತ.”

ಅವಳ ಕೈಯಿಂದ ಆ ತುಂಡನ್ನು ತೆಗೆದುಕೊಂಡು ನಾನೂ ಹಿಸುಕಿ ನೋಡಿದೆ.

ಲೋಹದ್ದನ್ನೆಲ್ಲ ಸೀಮೆಎಣ್ಣೆಯಲ್ಲಿ, ರಬ್ಬರನ್ನು ಸೋಪಿನ ನೀರಲ್ಲಿ ತೊಳೆದೆವು. ಒಳಗಿನಿಂದ ಕೆಸರಿನಂಥದ್ದು ಬಂತು. ಗ್ರೀಸಿನ ನಾತದ ಜೊತೆ ಗಂಧದ ವಾಸನೆ! ಒರೆಸಿ, ಹೊಸ ಗ್ರೀಸ್ ಸವರಿ, ಬಿಚ್ಚಿದ ಸಾಲನ್ನೇ ಹಿಂದುಮುಂದಾಗಿ ಜೋಡಿಸಿದೆವು.

ಒತ್ತಿದೆ. ಇಳಿಯಿತು. ಬಿಟ್ಟೆ. ಎದ್ದಿತು.

ಆದರೆ ಮಾಮ ಹತ್ತಿ ಕೂತರೆ ತೀರಾ ಕೆಳಗೆ ಹೋಗುತ್ತದೆ. ಆ ಹೆಂಗಸು ನನ್ನಷ್ಟೇ ತೆಳ್ಳಗಿನವರಂತೆ. ಹಾಗಾಗಿ ಭಾರಕ್ಕೆ ಫೋರ್ಕ್ ಎಷ್ಟು ಕುಗ್ಗುತ್ತದೆಂದು ಅಳೆಯಲು ನಾನೇ ಕೂರಬೇಕಾಯಿತು. ಅವರು ಕೊಳವೆಗೆ ಏನೋ ಕಟ್ಟಿ ಅಳೆಯುತ್ತಿದ್ದದ್ದನ್ನು ಮಾಮ ನೋಡಿದ್ದ. ಅಜ್ಜಿ ಹೂ ಕಟ್ಟುವ ಬಾಳೆನಾರನ್ನೇ ಅಲ್ಲಿ ಸುತ್ತಿದೆವು. ನಾನು ಹತ್ತಿ ಕೂತು ಇಳಿದರೆ ನಾರು ಎಷ್ಟು ಮೇಲೆ ಸರಿದಿದೆಯೋ ಫೋರ್ಕ್ ಅಷ್ಟು ಕುಗ್ಗಿತ್ತು ಅಂತ. ಮಾಮ ಕಂಡಿದ್ದ ಹಾಗೆ ಒಂದು ಹೆಬ್ಬೆರಳಗಲ ಬರುವವರೆಗೆ ಎರಡೂ ಕಡೆಯ ತಿರುಪನ್ನು ಸಮಸಮ ತಿರುಗಿಸಿದೆವು.

ಆಮೇಲೆ ನಾನು ಅದನ್ನು ಬೆಟ್ಟದ ಬುಡದ ಕಲ್ಲುದಾರಿಗೆ ಇಳಿಸಿದೆ.

ಕಲ್ಲುಗಳು ಬರುತ್ತಲೇ ಇವೆ. ಮುಂದಿನ ಗಾಲಿ ಏಳುತ್ತಿದೆ, ಬೀಳುತ್ತಿದೆ... ನನ್ನ ಕೈಗೆ ಮಾತ್ರ ಹೂವಿನಂಥ ಅದುರು. ಯಾವಾಗ ನಗತೊಡಗಿದೆನೋ ನನಗೇ ಗೊತ್ತಿಲ್ಲ.

ಸೈಕಲ್ಲಿನವರು ಮಾಮನ ಜೊತೆ ನಮ್ಮೂರಿಗೇ ಬಂದರು. ಮಾಮ ಏನನ್ನೂ ಮುಚ್ಚಿಡಲಿಲ್ಲ. ಗಂಧ ಬಳಿದದ್ದು, ಬಿಗಿದುಕೊಂಡದ್ದು, ಬಿಚ್ಚಿದ್ದು, ಎಲ್ಲ ಇಂಗ್ಲಿಷಿನಲ್ಲಿ ತಡವರಿಸಿ ಹೇಳಿದ. ಅವರ ಮುಖ ಗಂಭೀರವಾಯಿತು. ಸೈಕಲ್ ಹತ್ತಿ ಅದೇ ಕಲ್ಲುದಾರಿಗೆ ಹೋದರು.

ನಾವು ಮೂವರೂ ಬಾಗಿಲಲ್ಲಿ ನಿಂತಿದ್ದೇವೆ. ಮಾಮ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದಾನೆ.

ವಾಪಸ್ ಬಂದವರು ಇಳಿದು, ಫೋರ್ಕನ್ನೊಮ್ಮೆ ಒತ್ತಿ, ನನ್ನ ಕೈಗಳನ್ನು ಹಿಡಿದುಕೊಂಡು ಏನೋ ಹೇಳಿದರು. ಮಾಮ ಅದನ್ನು ನಮ್ಮ ಮಾತಿಗೆ ತಿರುಗಿಸಿ ಹೇಳಿದ.

“ಬರೋ ವರ್ಸ್ವೂ ಇಲ್ಲೇ ಬುಟ್ಟು ಹೋಗ್ತಾರಂತೆ... ನಮ್ಮತ್ರಾನೇ.”

ಅಜ್ಜಿ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು. “ಅಂಗಾದ್ರೆ ಸಂದನ ಎಲ್ಲಿ ಬಳೀಬೋದು ಅಂತ ಈಗ್ಲೇ ಕೇಳ್ಬುಡು.”

ಮಾಮ ಕೇಳಿದ. ಅವರು ಜೋರಾಗಿ ನಕ್ಕು, ಹ್ಯಾಂಡಲ್ ನಡುವೆ ಬೆರಳಿಟ್ಟು ತೋರಿಸಿದರು.

ನೀವು ಮೊದಲ ಸಲ ಬಿಚ್ಚಿ, ಒಳಗೆ ನೋಡಿ, ಬೆರಗಾಗಿ ನಿಂತ ವಸ್ತು ಯಾವುದು?